ಕೆಂಪು ನೆಲದಲ್ಲಿ ಬಿಳಿಜೋಳ

ಕೋಲಾರ ಚಿನ್ನದ ಗಣಿಯ ಊರಿಗಾಮಿನ ಲೈನು ಮನೆಗಳಲ್ಲಿ ಬಸಲಿಂಗಮ್ಮನ ಹೆಸರಿಗಿಂತ ಮೊದಲು ಅವಳ ಕೈಸದ್ದು ಎಲ್ಲರಿಗೂ ಪರಿಚಯವಾಯಿತು. ಗಣಿ ಕೆಲಸಗಾರರ ಆ ಸಾಲುಮನೆಗಳಿಗೆ ಆಗ ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಲ್ಲಿ ಶುಂಠಿ ಜಜ್ಜುತ್ತಿದ್ದರು. ಅಂಥ ಕಡೆ ಹೊಸದಾಗಿ ಬಂದ ಸಂಸಾರದ ಬಾಗಿಲೊಳಗಿಂದ ಸಂಜೆಯಾದರೆ ಸಾಕು, ಟಪಟಪ, ಟಪಟಪ. ಪಕ್ಕದ ಮನೆಯ ಅಮ್ಮಾಜಮ್ಮ ಒಂದೆರಡು ಸಂಜೆ ತಡೆದುಕೊಂಡು ನೋಡಿದಳು. ಆಮೇಲೆ ತಡೆಯಲಾರದೆ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು.

“ಏನಮ್ಮಾ ತಾಯಿ, ದಿನಾ ಒತ್ತು ಮುಳುಗಿದ ಮೇಲೆ ಮನೆಯೊಳಗೆ ಕೂತು ಬಟ್ಟೆ ಒಗೀತೀಯಾ? ಇಲ್ಲಾ ಗಂಡನ್ನ ಒಡೀತಿದೀಯಾ? ಅಂಗಾದ್ರೆ ಏಳು, ನಾನೂ ಒಂದು ಕೈ ಆಕ್ತೀನಿ.”

ಒಲೆಯ ಮುಂದೆ ಕೂತಿದ್ದ ಬಸಲಿಂಗಮ್ಮ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. “ರೊಟ್ಟಿ ಬಡ್ಯಾಕತ್ತೀನ್ರೀ ಯಕ್ಕಾ. ಬರ್ರೀ ಒಳಗ.”

ಅಮ್ಮಾಜಮ್ಮ ಅಲ್ಲಿಯವರೆಗೆ ಜೋಳದ ರೊಟ್ಟಿ ಕಂಡವಳಲ್ಲ. ಮೊರದಗಲದ ಬಿಳಿ ರೊಟ್ಟಿ ಹೆಂಚಿನ ಮೇಲೆ ಉಬ್ಬಿ ನಿಂತದ್ದನ್ನು ನೋಡಿದಳು. ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಚೂರನ್ನು ಅನುಮಾನದಿಂದಲೇ ಬಾಯಿಗಿಟ್ಟಳು. “ಕಾಗದ ತಿಂದಂಗದೆ” ಎಂದಳು. ಜಗಿದು ಮುಗಿಸಿ, “ಇನ್ನೊಂದು ಚೂರು ಕೊಡು” ಎಂದಳು. ಅಂದಿನಿಂದ ಅವಳು ಅಕ್ಕ, ಇವಳು ತಂಗಿ. ಆ ಊರಲ್ಲಿ ಬಸಲಿಂಗಮ್ಮನಿಗೆ ಸಿಕ್ಕ ಮೊದಲ ಸಂಬಂಧ ಅದು.

ಇದು ಎಪ್ಪತ್ತನಾಲ್ಕರ ಮಳೆಗಾಲದ ಮಾತು. ಬಸಲಿಂಗಮ್ಮನ ಊರು ರಾಯಚೂರು ಜಿಲ್ಲೆಯಲ್ಲಿ, ಲಿಂಗಸುಗೂರಿನ ಕಡೆ. ಗಂಡ ಅಮರಪ್ಪ ಅಲ್ಲೇ ಹಟ್ಟಿಯ ಚಿನ್ನದ ಗಣಿಯಲ್ಲಿ ನೀರೆತ್ತುವ ಪಂಪುಗಳ ಕೆಲಸ ಕಲಿತಿದ್ದ. ಕೋಲಾರದ ಗಣಿಯಲ್ಲಿ ಅಂಥವರು ಬೇಕಾಗಿದ್ದಾರೆಂದು ಗೊತ್ತಾಗಿ ಸಂಸಾರ ಕಟ್ಟಿಕೊಂಡು ಹೊರಟ. ಸಂಸಾರ ಎಂದರೆ ಹೆಂಡತಿ, ಪುಟ್ಟ ಮಗಳು ನೀಲಮ್ಮ, ಮತ್ತೆ ಅಪ್ಪ ದುರುಗಪ್ಪ. ರಾಯಚೂರಿನಲ್ಲಿ ಒಂದು ರೈಲು, ಗುಂತಕಲ್ಲಿನಲ್ಲಿ ಇನ್ನೊಂದು, ಬೆಂಗಳೂರಿನಲ್ಲಿ ಮತ್ತೊಂದು ಹತ್ತಿ ಬಂಗಾರಪೇಟೆಯಲ್ಲಿ ಇಳಿದಾಗ ಎಲ್ಲರ ಮುಖವೂ ಇದ್ದಿಲ ಬಣ್ಣ. ಗಣಿ ಕಡೆಯ ಸಣ್ಣ ರೈಲಿಗೆ ಇನ್ನೂ ಹೊತ್ತಿತ್ತು. ಮುದುಕ ದುರುಗಪ್ಪ ಹಳಿಯ ಪಕ್ಕಕ್ಕೆ ಹೋಗಿ ಒಂದು ಚಿಟಿಕೆ ಮಣ್ಣು ತೆಗೆದ. ಬೆರಳಲ್ಲಿ ತಿಕ್ಕಿದ, ಮೂಸಿದ.

“ಏನವ್ವಾ ಇದು? ಮಣ್ಣಿಗೆ ಕುಂಕುಮ ಕಲಸ್ಯಾರೇನು?”

ಕಪ್ಪು ಎರೆಭೂಮಿಯಲ್ಲಿ ಹುಟ್ಟಿ, ಎರೆಯಲ್ಲೇ ಎತ್ತು ಹೊಡೆದು, ಎರೆಯಲ್ಲೇ ಹಲ್ಲುದುರಿಸಿಕೊಂಡ ಮನುಷ್ಯ. ಮಣ್ಣು ಕೆಂಪಗೂ ಇರುತ್ತದೆ ಎಂಬುದು ಅವನಿಗೆ ಒಂದು ರೀತಿಯ ಅವಮಾನ.

ದುರುಗಪ್ಪ ಬಸಲಿಂಗಮ್ಮನಿಗೆ ಬರೀ ಗಂಡನ ಅಪ್ಪನಲ್ಲ, ಸೋದರಮಾವ. ಅವಳು ನೀಲಮ್ಮನಷ್ಟಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾದ. ಆಗ ಈ ಮಾವ ನಡೆದುಕೊಂಡು ಬಂದು, ಅಳುವ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಹೊಲದ ಹಸಿ ಜೋಳದ ತೆನೆ ತಿಕ್ಕಿ ಅವಳ ಬಾಯಿಗೆ ಹಾಕುತ್ತ ತನ್ನ ಮನೆಗೆ ತಂದಿದ್ದ. ಆ ಹಾಲುಗಾಳಿನ ಸಿಹಿ ಅವಳ ನಾಲಿಗೆಯಿಂದ ಇನ್ನೂ ಹೋಗಿರಲಿಲ್ಲ. ಈಗ ಅತ್ತೆ ಸತ್ತು ವರ್ಷವಾಗಿತ್ತು. ಊರಲ್ಲಿ ಮುದುಕನಿಗೆ ಒಲೆ ಹಚ್ಚಿ ಕೊಡುವ ಕೈ ಒಂದೂ ಉಳಿದಿರಲಿಲ್ಲ. ಅವಳೇ ಹಟ ಹಿಡಿದು ಕರೆತಂದಿದ್ದಳು. ಅವನು ಬರುವಾಗಲೇ ಮಾತು ಕಟ್ಟಿದ್ದ: “ಉಗಾದಿ ತನಕ ನೋಡ್ತೀನಿ. ಒಗ್ಗಿದ್ರ ಇರ್ತೀನಿ. ಇಲ್ಲಾಂದ್ರ ನನ್ನ ಊರಿಗೆ ನಾನು. ಅಡ್ಡ ಬರಬಾರ್ದು ಮತ್ತ.”

ದುರುಗಪ್ಪನ ಮಾತು ಎಂದರೆ ಮಾತು. ಒಮ್ಮೆ ಆಡಿದ್ದನ್ನು ನುಂಗಿಕೊಂಡವನಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅದೇ ಅವಳಿಗಿದ್ದ ಹೆದರಿಕೆ.

ಊರಿಂದ ತಂದ ಜೋಳದ ಚೀಲ ಇದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಗಣಿಯ ಸೈರನ್ನು, ಅಲ್ಲಿಯವರ ಬಾಯಲ್ಲಿ ಸಂಗು, ಕೂಗಿದಾಗ ಅಮರಪ್ಪ ಏಳುತ್ತಿದ್ದ, ಮತ್ತೆ ಕೂಗಿದಾಗ ಬರುತ್ತಿದ್ದ. ನೀಲಮ್ಮ ಬೀದಿಯ ಮಕ್ಕಳ ಜೊತೆ ಸೇರಿ ತಮಿಳಲ್ಲಿ ಜಗಳವಾಡಲು, ತೆಲುಗಲ್ಲಿ ಚಾಡಿ ಹೇಳಲು ಕಲಿತಳು. ನಲ್ಲಿಯ ಮುಂದೆ ಕೊಡ ಇಡುವ ಸರದಿಯನ್ನು ಅಮ್ಮಾಜಮ್ಮ ಬಸಲಿಂಗಮ್ಮನಿಗಾಗಿ ಕಾದಿಟ್ಟಳು. ಯಾರಾದರೂ ಮುಂದೆ ನುಗ್ಗಿದರೆ ಮೂರು ಭಾಷೆಯಲ್ಲೂ ಬೈದಳು. ಆದರೆ ಚೀಲ ಖಾಲಿಯಾಯಿತು. ಬಂಗಾರಪೇಟೆಯ ಅಂಗಡಿ ಸಾಲಿನಲ್ಲಿ ಅಮರಪ್ಪ ಹುಡುಕಾಡಿದರೆ ಸಿಕ್ಕಿದ್ದು ಕೆಂಪು ಜೋಳ. ಅದರ ಹಿಟ್ಟು ಬಡಿದರೆ ರೊಟ್ಟಿ ಹೆಂಚಿನ ಮೇಲೆಯೇ ನಾಲ್ಕು ಭಾಗ.

ಆ ಊರಿನವರು ಉಣ್ಣುವುದು ರಾಗಿ ಮುದ್ದೆ. ಬಸಲಿಂಗಮ್ಮ ಅಮ್ಮಾಜಮ್ಮನ ಪಕ್ಕ ಕೂತು, ಕೋಲು ಹಿಡಿದು ಹಿಟ್ಟು ತಿರುವಿ, ಗಂಟಾಗದ ಹಾಗೆ ಮುದ್ದೆ ಕಟ್ಟಲು ಕಲಿತಳು. ಅಮರಪ್ಪ ಉಂಡ, ನೀಲಮ್ಮ ಉಂಡಳು. ದುರುಗಪ್ಪ ಬಾಯಿಗಿಟ್ಟು ಜಗಿದ. ಅದು ಇದ್ದಬದ್ದ ಹಲ್ಲಿಗೆಲ್ಲ ಅಂಟಿಕೊಂಡಿತು.

“ಜಗೀಬಾರ್ದು ತಾತಾ! ಸಾರಲ್ಲಿ ಅದ್ದಿ ಅಂಗೇ ನುಂಗಬೇಕು” ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮಾಜಮ್ಮ.

ಮುದುಕ ತಟ್ಟೆ ಸರಿಸಿ ಎದ್ದ. “ನುಂಗಾಕ ನಾನೇನು ಹಾವೇನು?”

ಅಷ್ಟೇ. ಮುದ್ದೆಯ ತಟ್ಟೆಯನ್ನು ಮತ್ತೆ ಮುಟ್ಟಲಿಲ್ಲ. ಒಂದಿಷ್ಟು ಅನ್ನ, ಒಂದಿಷ್ಟು ಮಜ್ಜಿಗೆ. ಅನ್ನ ಉಂಡರೆ ಉಂಡಂತೆಯೇ ಅಲ್ಲ ಎನ್ನುವ ಜೀವ ಅದು. ದಿನದಿನಕ್ಕೆ ಕೊರಳ ಎಲುಬು ಎದ್ದು ಕಾಣತೊಡಗಿತು. ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಚಿನ್ನ ತೆಗೆದು ಸುರಿದು ಎದುರಿಗೆ ಬೆಳ್ಳಗೆ ಬಿದ್ದಿದ್ದ ಸಯನೈಡ್ ಮಣ್ಣಿನ ಗುಡ್ಡ ನೋಡುತ್ತ, “ಅದರ ಮ್ಯಾಲೆ ಹುಲ್ಲೂ ಹುಟ್ಟಂಗಿಲ್ಲ” ಎನ್ನುತ್ತಿದ್ದ. ಅವನ ತಲೆದಿಂಬಿನ ಕೆಳಗೊಂದು ಬಟ್ಟೆಯ ಗಂಟಿತ್ತು. ಬಿತ್ತನೆಯ ಬಿಳಿಜೋಳ. ರೈತ ಊರು ಬಿಟ್ಟರೂ ಬೀಜ ಬಿಡುತ್ತಾನೆಯೇ? ಅದನ್ನು ಬೀಸಲು ಕೊಡು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಸಲಿಂಗಮ್ಮನಿಗೆ ಬೇರೊಂದು ಯೋಚನೆ ಬಂತು.

ಲೈನಿಗೆ ದಿನಾ ಬೆಳಿಗ್ಗೆ ಹಾಲು, ಸೊಪ್ಪು ತರುತ್ತಿದ್ದವಳು ಮುತ್ಯಾಲಮ್ಮ. ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿಯವಳು. ಮೊದಲ ಬಸ್ಸಿಗೆ ಬಂದು ಬಿಸಿಲೇರುವ ಮೊದಲು ಹೋಗುವಳು. ಬಸಲಿಂಗಮ್ಮ ಅವಳ ಕೈಹಿಡಿದು, ಒಂದು ತುಂಡು ನೆಲ ಕೊಡಿಸು ಅಕ್ಕಾ ಎಂದು ಕೇಳಿಕೊಂಡಳು. ಆ ವಾರವೇ ಮಾವ ಸೊಸೆ ಇಬ್ಬರೂ ಮುತ್ಯಾಲಮ್ಮನ ಹೊಲದ ಬದುವಿನ ಮೇಲೆ ನಿಂತಿದ್ದರು. ಅವಳ ಗಂಡ ದೊಡ್ಡವೆಂಕಟಪ್ಪ ಗಂಟು ಬಿಚ್ಚಿ ಕಾಳು ನೋಡಿದ.

“ಜೋಳಾನಾ? ನಾವೂ ಆಕ್ತೀವಿ, ರಾಗಿ ಮಧ್ಯೆ ಅಕ್ಕಡಿ ಸಾಲಾಗೆ. ದನಕ್ಕೆ.”

“ದನಕ್ಕಾ!” ದುರುಗಪ್ಪನ ಮೀಸೆ ನಡುಗಿತು. ಬಸಲಿಂಗಮ್ಮ ಹಿಂದಿನಿಂದ ಅವನ ಅಂಗಿ ಜಗ್ಗಿದಳು.

ದೊಡ್ಡವೆಂಕಟಪ್ಪ ಒಳ್ಳೆಯ ಮನುಷ್ಯ. ನಕ್ಕು, ಮೇಲಿನ ಹೊಲದಲ್ಲಿ ಒಂದು ಪಟ್ಟಿ ತೋರಿಸಿದ. ತಕರಾರು ಬಂದದ್ದು ಬಿತ್ತುವ ಹೊತ್ತಿನ ಬಗ್ಗೆ. ದುರುಗಪ್ಪ ಮಾನೌಮಿ ಹಬ್ಬ ಕಳೆಯಲಿ ಎಂದ. ದೊಡ್ಡವೆಂಕಟಪ್ಪ ತಲೆಯಾಡಿಸಿದ.

“ಯಜಮಾನ್ರೇ, ಇದು ಕೆಂಪು ಮಣ್ಣು. ಇದರ ಒಟ್ಟೆ ತೂತು. ಕುಡಿದಿದ್ದು ನಿಲ್ಲಾಕಿಲ್ಲ. ಮಳೆ ಓದ್ಮೇಲೆ ಬಿತ್ತಿದ್ರೆ ಪೈರಿಗೆ ನೀರು ಎಲ್ಲಿಂದ ಬತ್ತದೆ?”

“ನಮ್ಮ ಕಡೆ ಮಳಿ ಹೋದ ಮ್ಯಾಲೇ ಜೋಳ ಬಿತ್ತೋದು. ನೆಲದಾಗಿನ ಹಸಿ ಸಾಕು, ಮ್ಯಾಲೆ ಇಬ್ಬನಿ. ಜೋಳದ ವಿಚಾರ ನನಗ ಬಿಡಪ್ಪಾ.”

“ಪೋನೀ, ಓಗ್ಲಿ ಬಿಡಿ” ಎಂದು ದೊಡ್ಡವೆಂಕಟಪ್ಪ ತೆಲುಗಿನಲ್ಲಿ ಕೈಬಿಟ್ಟ.

ಬಿತ್ತುವ ದಿನ ಮುದುಕ ಗಂಟನ್ನು ಪೂರ್ತಿ ಸುರಿಯಹೋದಾಗ ಮುತ್ಯಾಲಮ್ಮ ಅಡ್ಡ ಬಂದಳು. “ತಡಿ ಮಾವಾ. ನಮ್ಮ ಕಡೆ ಬೀಜದ ಗಂಟು ಬರಿದು ಮಾಡಬಾರ್ದು. ಕಡೇ ಬೊಗಸೆ ಅಟ್ಟಕ್ಕೆ.” ಅವನು ಗೊಣಗಿದ. ಅವಳು ಕೇಳಲಿಲ್ಲ. ಬೊಗಸೆ ತುಂಬ ಬೀಜ ತೆಗೆದು ಸೆರಗಿಗೆ ಕಟ್ಟಿಕೊಂಡಳು, ಮನೆಯಲ್ಲಿ ಸೋರೆಬುರುಡೆಗೆ ಹಾಕಿ ಅಟ್ಟದಲ್ಲಿ ತೂಗುಬಿಟ್ಟಳು.

ಜೋಳ ಹುಟ್ಟಿತು. ಮೊಣಕಾಲೆತ್ತರ ಬಂತು. ದೀಪಾವಳಿಯಾದ ಮೇಲೆ ನೆಲ ಒಣಗಿತು, ಎಲೆ ಸುರುಳಿ ಸುತ್ತಿತು. ಕಾರ್ತೀಕ ಮುಗಿಯುವ ಹೊತ್ತಿಗೆ ಮುತ್ಯಾಲಮ್ಮನ ಹಸುಗಳು ಅದನ್ನು ಮೇಯುತ್ತಿದ್ದವು. ಕೊನೆಗೂ ದನಕ್ಕೇ ಆಯಿತು. ದೊಡ್ಡವೆಂಕಟಪ್ಪ ‘ನಾನು ಹೇಳಲಿಲ್ಲವೇ’ ಎಂಬ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮುದುಕ ಜಗಳವನ್ನಾದರೂ ಆಡಿ ಹಗುರಾಗುತ್ತಿದ್ದ. ಮನೆಗೆ ಬಂದು ಮಗನಿಗೆ, “ಉಗಾದಿ ಮರುದಿನಕ್ಕ ನನ್ನ ಟಿಕೀಟು ತೆಗಿ” ಎಂದ.

ಅಮರಪ್ಪ ಹೆಂಡತಿಯ ಮುಖ ನೋಡಿದ. ಅವಳು ಒಲೆಯ ಬೂದಿ ಕೆದಕಿದಳು. ಮರುದಿನ ಮುತ್ಯಾಲಮ್ಮ ಬರುವುದನ್ನೇ ಕಾದಿದ್ದು, ಹಾಲಿನ ಚೊಂಬು ಹಿಡಿಯುವ ಮೊದಲು ಕೇಳಿದಳು: “ಯಕ್ಕಾ, ಆ ಬೊಗಸಿ ಬೀಜ ಐತೇನು?”

ಬಾವಿಯ ಪಕ್ಕ ಟೊಮ್ಯಾಟೊ ಮುಗಿದ ಮಡಿಯೊಂದು ಖಾಲಿಯಿತ್ತು. ಪಂಪಿನ ನೀರು ಹಾಯುವ ಜಾಗ. ಸಂಕ್ರಾಂತಿಯ ಆಚೆಗೆ ಅಲ್ಲಿ ಬಿತ್ತಬಹುದೆಂದು ದೊಡ್ಡವೆಂಕಟಪ್ಪ ಹೇಳಿದ. ದುರುಗಪ್ಪ ಮೊದಲು ಒಲ್ಲೆ ಎಂದ. “ನೀವೇ ಬರಬೇಕು ಮಾವಾ, ಬಿತ್ತೋ ಕೈ ನಿಮ್ದು” ಎಂದು ಸೊಸೆ ಬೇಡಿಕೊಂಡ ಮೇಲೆ, “ಬಿತ್ತಿ ಕೊಟ್ಟು ಹೋಗ್ತೀನಿ. ಆಮ್ಯಾಲೆ ನಿಮ್ಮ ಹಣೇಬರ” ಎಂದು ಒಪ್ಪಿದ.

ನಲ್ಲಿಯ ಹತ್ತಿರ ಬಸಲಿಂಗಮ್ಮ ಅಮ್ಮಾಜಮ್ಮನ ಕಿವಿಯಲ್ಲಿ ಗುಟ್ಟು ಹೇಳಿದಳು. “ಈಗ ಬಿತ್ತಿದ್ರ ಉಗಾದಿಗೆ ಜೋಳ ಹಾಲುಗಾಳು ಕಟ್ಟತೈತಿ ಯಕ್ಕಾ. ತೆನಿಯೊಳಗ ಹಾಲು ಇರೋವಾಗ ಹೊಲ ಬಿಟ್ಟು ಹೋದ ರೈತನ್ನ ನೀವು ಕಂಡೀರೇನು?”

ಅಮ್ಮಾಜಮ್ಮ ಕೊಡ ಕೆಳಗಿಟ್ಟಳು. “ಅಡಿ ಪಾವಿ, ಕಳ್ಳೀ! ಊದಿದ್ರೆ ಆರೋಗೋ ಅಂಗಿದೀಯ. ತಲೆಯೊಳಗೆ ಇಷ್ಟು ಮಡಗಿದೀಯಾ?”

ಬಿತ್ತಿದ್ದಾಯಿತು. ‘ಬಿತ್ತಿ ಕೊಟ್ಟು’ ಸುಮ್ಮನಿರುವ ಜೀವವೇ ಅದು? ಮೊಳಕೆ ನೋಡಲು ಒಂದು ದಿನ ಹೋದ. ಕಳೆ ತೆಗೆಯಲು ನಾಲ್ಕು ದಿನ. ಆಮೇಲೆ ದಿನಾ ಬೆಳಿಗ್ಗೆ ಕ್ಯಾಸಂಬಳ್ಳಿ ಬಸ್ಸು. ಬಸಲಿಂಗಮ್ಮ ಅನ್ನದ ಬುತ್ತಿ ಕಟ್ಟಿ ಕೊಡುವಳು. ಸಂಜೆ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಶಿವರಾತ್ರಿ ಕಳೆಯುವ ಹೊತ್ತಿಗೆ ಮುದುಕನ ಕೊರಳ ಎಲುಬು ಒಳಗೆ ಸರಿಯಿತು, ದನಿ ಗಟ್ಟಿಯಾಯಿತು, ನೀಲಮ್ಮನನ್ನು ಮತ್ತೆ ಹೆಗಲ ಮೇಲೆ ಎತ್ತಿದ. ಹೊಲದ ಗಾಳಿ ಹಿಡಿಸಿತು ಎಂದುಕೊಂಡಳು ಬಸಲಿಂಗಮ್ಮ. ಕುಲದೇವರಿಗೆ ಕೈಮುಗಿದಳು.

ಜೋಳ ಆಳೆತ್ತರ ಬೆಳೆಯಿತು. ಉಗಾದಿ ಬಂದಾಗ, ಅವಳು ಲೆಕ್ಕ ಹಾಕಿದಂತೆಯೇ, ತೆನೆಯಲ್ಲಿ ಹಾಲು ತುಂಬಿತ್ತು. ಬೇವು ಬೆಲ್ಲ ತಿಂದು ಮುದುಕ ಮಗನ ಕಡೆ ತಿರುಗಿ, “ಟಿಕೀಟು ಈಗ ಬ್ಯಾಡ. ಬೆಳಿ ಮನಿಗೆ ಬರ್ಲಿ” ಎಂದ. ತಟ್ಟಿಯ ಆಚೆಯಿಂದ ಅಮ್ಮಾಜಮ್ಮ ಕೆಮ್ಮಿದಳು. ಈ ಸಲ ಯಾರೂ ಶುಂಠಿ ಜಜ್ಜಲಿಲ್ಲ.

ಹಬ್ಬದ ಮರುದಿನ ಆ ಸೀಮೆಯಲ್ಲಿ ವರ್ಷತೊಡಕು. ಮನೆಮನೆಯಲ್ಲೂ ಕೋಳಿಯದೋ ಕುರಿಯದೋ ಸಾರು ಕುದಿಯುವ ದಿನ. ದುರುಗಪ್ಪ ಎಂದಿನಂತೆ ಹೊಲಕ್ಕೆ ಹೋಗಿದ್ದ. ಮಾವನಿಗೂ ಬಿಸಿಯಾಗಿ ಒಯ್ಯೋಣ ಎಂದು ಬಸಲಿಂಗಮ್ಮ ಅನ್ನ ಸಾರು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು. ಬದುವಿನ ಔಡಲ ಗಿಡಗಳ ಹತ್ತಿರ ಬಂದವಳು ಹಾಗೇ ನಿಂತಳು.

ಹೊಲ ಕಾಯುವ ಅಟ್ಟಣೆಯ ನೆರಳಲ್ಲಿ ದೊಡ್ಡವೆಂಕಟಪ್ಪ, ಅವನೆದುರು ಅವಳ ಮಾವ. ಇಬ್ಬರ ಮುಂದೂ ಮುತ್ತುಗದೆಲೆ. ಎಲೆಯಲ್ಲಿ ಎರಡು ಮುಷ್ಟಿಯಷ್ಟು ದೊಡ್ಡ ಮುದ್ದೆ. ದುರುಗಪ್ಪ ಬೆರಳಿಂದ ತುತ್ತು ಮುರಿದು, ಅಂಗೈಯಲ್ಲಿ ಉರುಟು ಮಾಡಿ, ನಡುವೆ ಗುಳಿ ಒತ್ತಿ, ಕೋಳಿಸಾರಿನಲ್ಲಿ ಹೊರಳಿಸಿ, ತಲೆ ತುಸು ಹಿಂದಕ್ಕೆ ಮಾಡಿ ಬಾಯಿಗೆ ಬಿಟ್ಟ. ಗುಳುಂ. ಅದು ಒಂದು ದಿನದಲ್ಲಿ ಕಲಿತ ಕೈಯಲ್ಲ. ಅವಳು ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಹೊಲದ ನಾಯಿ ತಿನ್ನುತ್ತಿತ್ತು. ನಾಯಿ ಗುಡಾಣದಂತಾಗಿತ್ತು.

“ದುರುಗಣ್ಣಾ” ಎಂದ ದೊಡ್ಡವೆಂಕಟಪ್ಪ. “ಇನ್ನಾದ್ರೂ ಮನೇಲಿ ಏಳಬಾರ್ದಾ? ಆ ಯಮ್ಮ ಪಾಪ, ನಾಯಿಗೆ ಅನ್ನ ಬಸಿದೂ ಬಸಿದೂ ಸಾಕಾಗೋಗ್ತಾಳೆ.”

“ಏನಂತ ಹೇಳ್ಲೋ ತಮ್ಮಾ? ‘ನಾನೇನು ಹಾವೇನು’ ಅಂತ ಓಣಿಗೆಲ್ಲ ಕೇಳೋ ಹಂಗ ಒದರೀನಿ. ಈಗ ದಿನಾ ಎರಡು ನುಂಗ್ತೀನಿ ಅಂದ್ರ ಆ ಅಮ್ಮಾಜಮ್ಮ ನನ್ನ ಬದುಕಗೊಡ್ತಾಳೇನು?”

“ಅಂಗಾದ್ರೆ ಊರಿಗೆ ಓಯ್ತೀಯಾ?”

ಮುದುಕ ಎಲೆಯ ಮೇಲಿನ ಸಾರನ್ನು ಬೆರಳಲ್ಲಿ ಬಳಿದ. “ಹೋಗಿ ಏನ್ ಮಾಡ್ಲಿ? ಆದ್ರ ಮಾತು ಆಡೀನಿ. ಈ ಜೋಳ ಕೈಗೆ ಬಂದ್ರ, ಆಕಿ ರೊಟ್ಟಿ ಬಡಿತಾಳ. ರೊಟ್ಟಿ ಸಲುವಾಗಿ ಉಳಿದೆ ಅಂತ ಹೇಳ್ತೀನಿ. ಜೋಳ ಹೋತಂದ್ರ ಯಾವ ಮಾರಿ ತೋರಿಸ್ಕೊಂಡು ಉಳೀಲಿ? ಹೋಗಬೇಕಾಗತೈತಿ.”

ಬಸಲಿಂಗಮ್ಮ ಹೆಜ್ಜೆ ಸದ್ದಾಗದಂತೆ ಹಿಂದೆ ಸರಿದಳು. ನಗು ಬಂತು, ಕಣ್ಣೂ ತುಂಬಿತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಕಟ್ಟಿಕೊಂಡು ಹೋದ ಅನ್ನವನ್ನು ತಾನೇ ಉಂಡಳು. ಮಾವನನ್ನು ಉಳಿಸಲು ಅವಳು ಬಿತ್ತಿಸಿದ್ದ ಜೋಳ ಈಗ ಮಾವನ ಮಾನವನ್ನೂ ಉಳಿಸಬೇಕಾಗಿತ್ತು. ಎಲ್ಲವೂ ಆ ಕಾಳಿನ ಮೇಲೆ ನಿಂತಿತ್ತು.

ಆಗ ಬಂದವು ಗಿಳಿಗಳು.

ಅವಳ ಊರಲ್ಲಿ ಕಣ್ಣು ಹಾಯುವಷ್ಟು ದೂರ ಜೋಳವೇ. ಹಕ್ಕಿ ತಿಂದರೂ ಒಬ್ಬೊಬ್ಬರ ಹೊಲದಲ್ಲಿ ಹಿಡಿಹಿಡಿ. ಇಲ್ಲಿ ರಾಗಿ ಕೊಯ್ದು ಬಯಲೆಲ್ಲ ಬರಿದಾಗಿತ್ತು. ಅದರ ನಡುವೆ ಹಾಲು ತುಂಬಿದ ತೆನೆಯ ಒಂದೇ ಒಂದು ಮಡಿ. ಕೆರೆಕಟ್ಟೆಯ ಮರಗಳ ಗಿಳಿ, ತೋಪಿನ ಗೊರವಂಕ, ಊರೊಳಗಿನ ಗುಬ್ಬಿ, ಎಲ್ಲಕ್ಕೂ ಸೇರಿ ಒಂದೇ ಚಪ್ಪರದ ಮದುವೆ ಊಟ. ಊರಿಂದ ಬಂದ ಹಟಮಾರಿ ರೈತನಿಗಾಗಲಿ, ಇಲ್ಲಿಯ ಅನುಭವಸ್ಥನಿಗಾಗಲಿ ಇದು ಹೊಳೆದಿರಲಿಲ್ಲ. ದುರುಗಪ್ಪ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿದ. ಪೂರ್ವಕ್ಕೆ ಬೀಸಿದರೆ ಪಶ್ಚಿಮಕ್ಕೆ ಇಳಿಯುತ್ತಿದ್ದವು. ಗಂಟಲು ಬಿದ್ದುಹೋಯಿತು. ಸಂಜೆ ಮನೆಗೆ ಬಂದು ರಟ್ಟೆ ಹಿಡಿದುಕೊಂಡು ಕೂತ. “ಆತವ್ವಾ. ಇನ್ನೊಂದು ವಾರ, ಬರೀ ದಂಟು.”

ಬಸಲಿಂಗಮ್ಮ ಅಮ್ಮಾಜಮ್ಮನ ಮನೆಗೆ ಹೋಗಿ ಕಂಡದ್ದು, ಕೇಳಿದ್ದು ಎಲ್ಲ ಹೇಳಿದಳು. ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡಳು. ಅಮ್ಮಾಜಮ್ಮ ಮೊದಲು ಬಾಯಿಗೆ ಸೆರಗು ತುರುಕಿಕೊಂಡು ಹೊಟ್ಟೆ ನೋಯುವಷ್ಟು ನಕ್ಕಳು. ಆಮೇಲೆ ಎದ್ದು ಲೈನಿನ ಈ ತುದಿಯಿಂದ ಆ ತುದಿಗೆ ನಡೆದಳು.

“ಏಯ್ ಮಾರಿಯಮ್ಮಾ, ಮುನಿಶಾಮಮ್ಮಾ, ಅರಿದೋದ ಸೀರೆ ಎಲ್ಲಾ ಎತ್ಕೊಳ್ರೇ! ನಾಳೆ ಬಾನುವಾರ, ಎಲ್ಲಾರೂ ಕ್ಯಾಸಂಬಳ್ಳಿ ಬಸ್ಸಿಗೆ!”

“ಯಾಕಕ್ಕಾ? ಯಾರ ಮದುವೆ?”

“ಜೋಳದ್ದು!”

ಮರುದಿನ ಆ ಬಸ್ಸಿನ ಕಂಡಕ್ಟರ್ ತಲೆ ಮೇಲೆ ಕೈಹೊತ್ತುಕೊಂಡ. ತಗಡಿನ ಡಬ್ಬ, ತಟ್ಟೆ, ಮಕ್ಕಳುಮರಿ, ಹಳೇ ಬಟ್ಟೆಯ ಗಂಟುಗಳ ಸಮೇತ ಲೈನಿನ ಹೆಂಗಸರೆಲ್ಲ ಹೊಲಕ್ಕೆ ಇಳಿದರು. ನೀಲಮ್ಮನೂ ಅವಳ ಗೆಳತಿಯರೂ ಡಬ್ಬ ಬಡಿಯುತ್ತ ಬದುವಿನ ಸುತ್ತ ಓಡಿದರು. ಹೆಂಗಸರು ಸೀರೆ ಹರಿದು, ಒಂದೊಂದು ತೆನೆಗೂ ಒಂದೊಂದು ಚೂರು ಸುತ್ತಿ, ಬಾಳೆನಾರಿನಿಂದ ಬಿಗಿಯದ ಹಾಗೆ ಕಟ್ಟಿದರು. ತಮಿಳಲ್ಲಿ ಹಾಡು, ತೆಲುಗಲ್ಲಿ ಚೇಷ್ಟೆ, ಕನ್ನಡದಲ್ಲಿ ಗಿಳಿಗಳಿಗೆ ಬೈಗುಳ. “ಇದು ನನ್ನ ಮದುವೆ ಸೀರೆ ಕಣೇ” ಎಂದು ಮಾರಿಯಮ್ಮ ತೋರಿಸಿದರೆ, “ನಿನಗಿಂತ ಈ ತೆನೆಗೇ ಚೆನ್ನಾಗಿ ಒಪ್ಪುತ್ತೆ ಬಿಡು” ಎಂದಳು ಮುನಿಶಾಮಮ್ಮ. ಸಂಜೆಗೆ ಆ ಮಡಿ ನೋಡಬೇಕಿತ್ತು. ಕೆಂಪು, ಹಸಿರು, ಹೂವಿನದು, ಚೌಕಳಿಯದು. ತಲೆಗೆ ಮುಸುಕು ಹಾಕಿಕೊಂಡ ಮದುವಣಗಿತ್ತಿಯರು ಸಾಲಾಗಿ ನಿಂತಂತೆ. ಗಿಳಿಗಳು ಎರಡು ಸುತ್ತು ಹಾಕಿ, ಕಿರುಚಿ, ಕೆರೆಯ ಕಡೆ ಹೋದವು.

ದುರುಗಪ್ಪ ಅಟ್ಟಣೆಯಿಂದ ಇಳಿದ. ಇಷ್ಟು ಹೆಂಗಸರ ಮುಂದೆ ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. “ನಿಮಗ... ನಿಮಗೇನು ಸಂಬಂಧ ಇತ್ತವ್ವಾ ನನ್ನ ಜೋಳಕ್ಕ?”

“ಅಯ್ಯೋ ಓಗು ತಾತಾ” ಎಂದಳು ಅಮ್ಮಾಜಮ್ಮ. “ಸಾಯಂಕಾಲ ಆ ಟಪಟಪ ಕೇಳ್ದೆ ನಮಗೆ ಮನೆಯೊಳಗೆ ಬ್ಯಾಸರ ಆಗ್ತದೆ.”

ಬೆಳೆ ಬಂತು. ಬಹಳವೇನಲ್ಲ, ಬೊಗಸೆ ಬೀಜಕ್ಕೆ ಎಷ್ಟು ಬರಬೇಕೋ ಅಷ್ಟು. ಹಿಟ್ಟು ಬೀಸಿಸಿದ ದಿನ ಬಸಲಿಂಗಮ್ಮನ ಒಲೆ ಮಧ್ಯಾಹ್ನದಿಂದ ಆರಲಿಲ್ಲ. ಮುತ್ಯಾಲಮ್ಮ, ದೊಡ್ಡವೆಂಕಟಪ್ಪ ಬೆಣ್ಣೆ ಹಿಡಿದು ಬಂದರು. ಸೀರೆ ಕೊಟ್ಟವರಿಗೆಲ್ಲ ರೊಟ್ಟಿ ಹೋಯಿತು, ಎಣ್ಣೆಗಾಯಿ ಪಲ್ಯ ಹೋಯಿತು. ಆಮೇಲೊಂದು ತಮಾಷೆ ನಡೆಯಿತು. ದೊಡ್ಡವೆಂಕಟಪ್ಪ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ರೂಢಿಯಂತೆ ತಲೆ ಹಿಂದೆ ಮಾಡಿ ನುಂಗಿಬಿಟ್ಟ. ಕಣ್ಣು ಮೇಲಾಯಿತು. ದುರುಗಪ್ಪ ಹಾರಿ ಬಂದು ಬೆನ್ನು ಗುದ್ದಿದ.

“ಜಗೀಬೇಕೋ ತಮ್ಮಾ! ನುಂಗಾಕ ನೀನೇನು...” ಅಷ್ಟಕ್ಕೇ ನಿಲ್ಲಿಸಿದ. ದೊಡ್ಡವೆಂಕಟಪ್ಪ ನೀರು ಕುಡಿದು ಅವನನ್ನೇ ನೋಡಿದ. ಇಬ್ಬರೂ ಮುಖ ಆಚೀಚೆ ತಿರುಗಿಸಿಕೊಂಡರು. ಬಸಲಿಂಗಮ್ಮ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು.

ಊಟವಾದ ಮೇಲೆ ಮುದುಕ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಮಗನಿಗೆ ಹೇಳಿದ: “ರೊಟ್ಟಿ ಸಿಗೋ ಊರಾಗ ಇರಾಕ ನನಗೇನೂ ತಕರಾರಿಲ್ಲಪ್ಪಾ.” ಎದ್ದು ಹೋಗಿ, ತೆಗೆದಿಟ್ಟಿದ್ದ ಬೀಜದ ಜೋಳವನ್ನು ಸೋರೆಬುರುಡೆಗೆ ತುಂಬಿ ಮುತ್ಯಾಲಮ್ಮನ ಕೈಗೆ ಕೊಟ್ಟ. “ನಿಮ್ಮ ಅಟ್ಟಕ್ಕೇ ಇರ್ಲವ್ವಾ. ಮುಂದಿನ ಸಲಕ್ಕ.” ಮುತ್ಯಾಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಮರುದಿನ ಸಂಜೆ ಬಸಲಿಂಗಮ್ಮ ಮಾವನ ಮುಂದೆ ತಟ್ಟೆ ಇಟ್ಟಳು. ತಟ್ಟೆಯಲ್ಲಿ ಹೊಳೆಯುವ ಮುದ್ದೆ, ಪಕ್ಕದಲ್ಲಿ ಹುರುಳಿಯ ಬಸ್ಸಾರು.

“ಮಾವಾ, ಹಿಟ್ಟು ಭಾಳ ದಿನ ಬರಂಗಿಲ್ಲ. ಒಂದೊಪ್ಪತ್ತು ರೊಟ್ಟಿ, ಒಂದೊಪ್ಪತ್ತು ಇದು ಮಾಡಿದ್ರ ಹೆಂಗ? ನಿಮಗ ಸೇರಂಗಿಲ್ಲ, ಗೊತ್ತೈತಿ. ನನ್ನ ಸಲುವಾಗಿ ನಾಕು ತುತ್ತು.”

ದುರುಗಪ್ಪ ಮುದ್ದೆ ನೋಡಿದ, ಸೊಸೆಯನ್ನು ನೋಡಿದ. ಅವಳ ಮುಖದಲ್ಲಿ ಏನೂ ಇರಲಿಲ್ಲ. ದೊಡ್ಡದಾಗಿ ನಿಟ್ಟುಸಿರು ಬಿಟ್ಟ. “ಏನ್ ಮಾಡ್ಲಿ. ನಿನ್ನ ಸಲುವಾಗಿ ನುಂಗತೀನಿ.” ತುತ್ತು ಮುರಿದ, ಉರುಟು ಮಾಡಿದ, ಗುಳಿ ಒತ್ತಿದ, ಸಾರು ತುಂಬಿ ಬಾಯಿಗೆ ಬಿಟ್ಟ. ಒಂದು ಮುಗಿಯಿತು. “ಇನ್ನೊಂದು ಐತೇನು?” ಎಂದ. ತಟ್ಟಿಯ ಆಚೆ ಏನೋ ಬಿದ್ದ ಸದ್ದಾಯಿತು. ಅಮ್ಮಾಜಮ್ಮ ನಗು ತಡೆಯಲು ಸೆರಗು ಕಚ್ಚಿಕೊಳ್ಳುವಾಗ ಅವಳ ಕೈಯ ಚೊಂಬು ಜಾರಿತ್ತು.

ದುರುಗಪ್ಪ ಅಲ್ಲಿ ಇನ್ನೂ ಹದಿಮೂರು ವರ್ಷ ಬದುಕಿದ. ವರ್ಷ ವರ್ಷವೂ ಬಾವಿಯ ಪಕ್ಕ ಒಂದು ಮಡಿ ಬಿಳಿಜೋಳ, ವರ್ಷ ವರ್ಷವೂ ತೆನೆಗೆ ಲೈನಿನ ಸೀರೆ. ಯಾರ ಮನೆಯಲ್ಲಾದರೂ ಸೀರೆ ಹರಿದರೆ, “ಎಸೀಬೇಡ, ತಾತನ ಜೋಳಕ್ಕೆ ಮಡಗು” ಎನ್ನುವುದು ಅಲ್ಲಿಯ ಮಾತಾಗಿಹೋಯಿತು. ಅವನು ತೀರಿಕೊಂಡಾಗ ಕ್ಯಾಸಂಬಳ್ಳಿ ಬಸ್ಸಿನಲ್ಲಿ ಬಂದವರೇ ಹೆಚ್ಚು. ದೊಡ್ಡವೆಂಕಟಪ್ಪ ತಮ್ಮನ ಹಾಗೆ ಹೆಗಲು ಕೊಟ್ಟ. ಮುತ್ಯಾಲಮ್ಮ ಹೊಲದಿಂದ ಒಂದು ಹಿಡಿ ಕೆಂಪು ಮಣ್ಣು ತಂದಿದ್ದಳು. ಅಮರಪ್ಪ ಅದನ್ನೇ ಮೊದಲು ಕುಣಿಗೆ ಹಾಕಿದ. ಯಾವ ದೊಡ್ಡ ಊರಲ್ಲೂ ಇಷ್ಟು ಜನ ಸಿಗುತ್ತಿರಲಿಲ್ಲ ಎಂದು ಬಸಲಿಂಗಮ್ಮ ಇವತ್ತಿಗೂ ಹೇಳುತ್ತಾಳೆ. ತನ್ನನ್ನು ಹೆಗಲ ಮೇಲೆ ಹೊತ್ತು ತಂದವನನ್ನು ಹೆಗಲ ಮೇಲೆ ಕಳಿಸಲು ಈ ಊರು ಬಂತು ಎನ್ನುತ್ತಾಳೆ.

ಮೊದಲ ಮಹಾಲಯದ ಅಮಾವಾಸ್ಯೆಯ ದಿನ ಎಡೆ ಇಡುವಾಗ ಅವಳು ಬಾಳೆಲೆಯ ಒಂದು ಕಡೆ ರೊಟ್ಟಿ ಇಟ್ಟಳು, ಇನ್ನೊಂದು ಕಡೆ ಮುದ್ದೆ. ಅಮರಪ್ಪ ಅಚ್ಚರಿಯಿಂದ, “ಅಪ್ಪಗ ಮುದ್ದಿ ಸೇರತಿದ್ದಿಲ್ಲಲ್ಲೇ. ನಿನ್ನ ಸಲುವಾಗಿ ಉಣ್ತಿದ್ದ” ಎಂದ.

ಬಸಲಿಂಗಮ್ಮ ದೀಪದ ಬತ್ತಿ ಸರಿಮಾಡಿದಳು. ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಅಮ್ಮಾಜಮ್ಮ. ಅವಳ ತಲೆಯೂ ಆಗ ನೆರೆತಿತ್ತು.

“ಮುದ್ದೆ ಹತ್ರಕ್ಕೆ ಸರಿಸೇ ತಂಗೀ. ರೊಟ್ಟಿ ಜಗಿಯಾಕೆ ತಾತನ ಬಾಯೊಳಗೆ ಅಲ್ಲಾದ್ರೂ ಅಲ್ಲು ಬಂದಿದಾವೋ ಇಲ್ವೋ.”